ಆಗಸ್ಟ್ 15: ಒಂದೇ ತಾರೀಕಿನ ನೂರೆಂಟು ಕಥೆಗಳು (ಪದೇ ಪದೇ ಕೇಳುವ ಪ್ರಶ್ನೆಗಳು)

ಆಗಸ್ಟ್ ತಿಂಗಳು ಹತ್ತಿರ ಬಂತೆಂದರೆ ಕೆಲವು ಪ್ರಶ್ನೆಗಳು ತಪ್ಪದೇ ಬರುತ್ತವೆ. ಕೆಲವನ್ನು ಮಕ್ಕಳ ಭಾಷಣಕ್ಕೆ ಅಂತ ಅಪ್ಪ ಅಮ್ಮ ಕೇಳುತ್ತಾರೆ, ಕೆಲವನ್ನು ಮೇಷ್ಟ್ರುಗಳು ಕೇಳುತ್ತಾರೆ, ಕೆಲವು ಊಟದ ಮನೆಯ ಜಗಳದಿಂದ ಎದ್ದು ಬರುತ್ತವೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಸುಲಭದವು ಮೊದಲು, ಸ್ವಲ್ಪ ತಲೆ ಕೆಡಿಸುವಂಥವು ಕೊನೆಗೆ. ಓದುವಾಗ ಒಂದನ್ನು ಗಮನಿಸಿ. ಈ ತಾರೀಕಿಗೆ ಬಂದು ಬಿದ್ದ ಘಟನೆಗಳಲ್ಲಿ ಎಲ್ಲವೂ ಕಾಕತಾಳೀಯವಲ್ಲ. ಎಷ್ಟೋ ಘಟನೆಗಳನ್ನು ಬೇಕಂತಲೇ ಈ ದಿನಕ್ಕೆ ತಂದು ಕೂರಿಸಲಾಗಿದೆ.

## ಮೊದಲ ಪ್ರಶ್ನೆಗಳು

ಸ್ವಾತಂತ್ರ್ಯಕ್ಕೆ ಆಗಸ್ಟ್ 15ನ್ನೇ ಯಾಕೆ ಆರಿಸಿದ್ರು? ನಮ್ಮವರು ಕೇಳಿದ ದಿನಾನಾ ಅದು?

ಅಲ್ಲ. ನಮ್ಮವರು ಆರಿಸಿಕೊಂಡಿದ್ದ ದಿನ ಜನವರಿ 26. 1930ರಲ್ಲಿ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿದ ಮೇಲೆ ಪ್ರತಿ ವರ್ಷ ಅವತ್ತೇ ಸ್ವಾತಂತ್ರ್ಯ ದಿನ ಅಂತ ಆಚರಿಸುತ್ತಿದ್ದರು. ಆ ದಿನದ ಗೌರವ ಉಳಿಯಲಿ ಅಂತಲೇ 1950ರಲ್ಲಿ ಸಂವಿಧಾನವನ್ನು ಜನವರಿ 26ರಂದು ಜಾರಿಗೆ ತಂದರು.

ಆಗಸ್ಟ್ 15 ಮೌಂಟ್‌ಬ್ಯಾಟನ್ ಆಯ್ಕೆ. ಜೂನ್ 1948ರೊಳಗೆ ಅಧಿಕಾರ ಬಿಟ್ಟುಕೊಡುತ್ತೇವೆ ಅಂತ ಬ್ರಿಟಿಷ್ ಪ್ರಧಾನಿ ಆಟ್ಲಿ 1947ರ ಫೆಬ್ರುವರಿಯಲ್ಲಿ ಹೇಳಿದ್ದರು. ವೈಸರಾಯ್ ಆಗಿ ಬಂದ ಮೌಂಟ್‌ಬ್ಯಾಟನ್ ಅದನ್ನು ಹತ್ತು ತಿಂಗಳು ಹಿಂದಕ್ಕೆ ಎಳೆದರು. ಜೂನ್ ಮೊದಲ ವಾರ ಪತ್ರಕರ್ತರ ಮುಂದೆ ಈ ತಾರೀಕು ಹೇಳಿದರು. ಎರಡನೇ ಮಹಾಯುದ್ಧದಲ್ಲಿ ಅವರು ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮಹಾದಂಡನಾಯಕರಾಗಿದ್ದವರು. ಜಪಾನ್ ಸೋಲೊಪ್ಪಿದ್ದು 1945ರ ಆಗಸ್ಟ್ 15ರಂದು. ಅವರ ಪಾಲಿಗೆ ಅದು ಗೆಲುವಿನ ದಿನ. ಆ ಗೆಲುವಿನ ಎರಡನೇ ವಾರ್ಷಿಕ ನಮ್ಮ ಹಣೆಗೆ ಬಿತ್ತು, ಅಷ್ಟೇ.

ಬೇಗ ಬಂದದ್ದು ಒಳ್ಳೆಯದೇ ಆಯಿತಲ್ಲ ಅಂತ ಕೆಲವರು ಹೇಳುತ್ತಾರೆ. ಆದರೆ ಭಾರತ, ಪಾಕಿಸ್ತಾನದ ನಡುವೆ ಗಡಿ ಗೆರೆ ಎಳೆಯಲು ಬಂದ ರ‍್ಯಾಡ್‌ಕ್ಲಿಫ್‌ಗೆ ಸಿಕ್ಕಿದ್ದು ಐದೇ ವಾರ. ಗಡಿ ಎಲ್ಲಿ ಅನ್ನುವುದನ್ನು ಜನರಿಗೆ ತಿಳಿಸಿದ್ದು ಆಗಸ್ಟ್ 17ರಂದು. ಅಂದರೆ ಸ್ವಾತಂತ್ರ್ಯ ಬಂದ ಮೇಲೂ ಎರಡು ದಿನ ಪಂಜಾಬ್ ಮತ್ತು ಬಂಗಾಳದ ಎಷ್ಟೋ ಹಳ್ಳಿಗಳಿಗೆ ತಾವು ಯಾವ ದೇಶದವರು ಅನ್ನುವುದೇ ಗೊತ್ತಿರಲಿಲ್ಲ. ಈ ಅವಸರ ನನಗಂತೂ ಇವತ್ತಿಗೂ ಒಪ್ಪಿಗೆಯಾಗುವುದಿಲ್ಲ.

ಮಧ್ಯರಾತ್ರಿ ಸ್ವಾತಂತ್ರ್ಯ ಬಂದದ್ದು ಜ್ಯೋತಿಷಿಗಳ ಮಾತು ಕೇಳಿ ಅಂತಾರೆ. ನಿಜಾನಾ?

ಜ್ಯೋತಿಷಿಗಳು ತಕರಾರು ಎತ್ತಿದ್ದು ನಿಜ. ಅವರ ಕಷ್ಟ ಏನು ಅಂತ ಪಂಚಾಂಗ ನೋಡಿದರೆ ಅರ್ಥವಾಗುತ್ತದೆ. 1947ರ ಆಗಸ್ಟ್ 15 ಶುಕ್ರವಾರ. ಸರ್ವಜಿತ್ ಸಂವತ್ಸರ, ಅಧಿಕ ಶ್ರಾವಣ ಮಾಸ, ಬಹುಳ ಚತುರ್ದಶಿ. ಅಧಿಕ ಮಾಸದಲ್ಲಿ ಮನೆ ಗೃಹಪ್ರವೇಶವನ್ನೂ ಇಟ್ಟುಕೊಳ್ಳುವುದಿಲ್ಲ. ಅದರಲ್ಲೂ ಅಮಾವಾಸ್ಯೆಯ ಹಿಂದಿನ ದಿನ. ದೇಶದ ಗೃಹಪ್ರವೇಶಕ್ಕೆ ಯಾರು ತಾನೇ ಮುಹೂರ್ತ ಇಟ್ಟುಕೊಟ್ಟಾರು?

ರಾತ್ರಿ ಹನ್ನೆರಡು ಎರಡೂ ಲೆಕ್ಕಕ್ಕೆ ಹೊಂದಿಕೊಂಡಿತು. ಇಂಗ್ಲಿಷರ ಲೆಕ್ಕದಲ್ಲಿ 15 ಶುರುವಾಗುವುದೇ ಆಗ. ಪಂಚಾಂಗದ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ, ಹಾಗಾಗಿ ಇನ್ನೂ ಗುರುವಾರವೇ. 14ರ ರಾತ್ರಿ 11ಕ್ಕೆ ದೆಹಲಿಯಲ್ಲಿ ಸಂವಿಧಾನ ಸಭೆ ಸೇರಿತು. ಅಧ್ಯಕ್ಷರ ಪೀಠದಲ್ಲಿ ರಾಜೇಂದ್ರ ಪ್ರಸಾದ್ ಇದ್ದರು. ಸುಚೇತಾ ಕೃಪಲಾನಿ ವಂದೇ ಮಾತರಂ ಹಾಡಿದರು. ನೆಹರೂ ಮಾತಾಡಿದರು. ಗಡಿಯಾರ ಹನ್ನೆರಡು ಬಾರಿಸಿದಾಗ ಶಂಖ ಊದಿದರು, ಸದಸ್ಯರು ಎದ್ದು ನಿಂತು ಪ್ರತಿಜ್ಞೆ ತೆಗೆದುಕೊಂಡರು. ಆಮೇಲೆ ಹಂಸಾ ಮೆಹ್ತಾ ಭಾರತದ ಹೆಣ್ಣುಮಕ್ಕಳ ಪರವಾಗಿ ರಾಷ್ಟ್ರಧ್ವಜ ಒಪ್ಪಿಸಿದರು. ಈ ಕೊನೆಯ ಸಂಗತಿಯನ್ನು ಶಾಲೆಯ ಭಾಷಣಗಳಲ್ಲಿ ಯಾರೂ ಹೇಳುವುದೇ ಇಲ್ಲ, ಹೇಳಬೇಕು.

ಪಾಕಿಸ್ತಾನಕ್ಕೆ ಒಂದು ದಿನ ಮುಂಚೆ ಸ್ವಾತಂತ್ರ್ಯ ಸಿಕ್ತಾ?

ಇಲ್ಲ. ಬ್ರಿಟಿಷ್ ಸಂಸತ್ತಿನ ಕಾಯ್ದೆಯಲ್ಲಿ ಎರಡೂ ದೇಶಗಳಿಗೆ ಆಗಸ್ಟ್ 15 ಅಂತಲೇ ಇದೆ. ಮೌಂಟ್‌ಬ್ಯಾಟನ್ ಒಬ್ಬರೇ ಎರಡು ಕಡೆ ಇರಲಾಗದು, ಹಾಗಾಗಿ 14ರಂದು ಕರಾಚಿಗೆ ಹೋಗಿ ಅಲ್ಲಿನ ಸಮಾರಂಭ ಮುಗಿಸಿ ದೆಹಲಿಗೆ ವಾಪಸ್ ಬಂದರು. 1948ರ ಜುಲೈನಲ್ಲಿ ಪಾಕಿಸ್ತಾನ ತಂದ ಮೊದಲ ಸ್ವಂತ ಅಂಚೆಚೀಟಿಗಳ ಮೇಲೂ 15 ಆಗಸ್ಟ್ 1947 ಅಂತಲೇ ಅಚ್ಚಾಗಿದೆ. ಆಚರಣೆ 14ಕ್ಕೆ ಸರಿದದ್ದು ಆಮೇಲೆ.

ನೆಹರೂ ಅವತ್ತೇ ಕೆಂಪುಕೋಟೆ ಮೇಲೆ ಬಾವುಟ ಹಾರಿಸಿದ್ರು ತಾನೇ?

ಹಾರಿಸಿದ್ದು ಮರುದಿನ, ಆಗಸ್ಟ್ 16ರಂದು. 1948ರಿಂದ 15ರಂದೇ ನಡೆಯುತ್ತಿದೆ.

ಎಷ್ಟನೇ ಸ್ವಾತಂತ್ರ್ಯ ದಿನ ಅಂತ ಲೆಕ್ಕ ಹಾಕೋದು ಹೇಗೆ? ಪ್ರತಿ ವರ್ಷ ಜಗಳ ಆಗುತ್ತೆ.

1947ರದ್ದೇ ಮೊದಲನೆಯದು. ಇಸವಿಯಿಂದ 1946 ಕಳೆಯಿರಿ. 2025ರದ್ದು 79ನೆಯದು. ಆದರೆ ಸ್ವಾತಂತ್ರ್ಯ ಬಂದು ತುಂಬಿದ ವರ್ಷ 78. ಬ್ಯಾನರ್ ಬರೆಸುವಾಗ ‘ನೇ’ ಇದ್ದರೆ ದೊಡ್ಡ ಸಂಖ್ಯೆ, ‘ವರ್ಷ’ ಇದ್ದರೆ ಸಣ್ಣದು.

## ನಮ್ಮ ಕಡೆಯ ಪ್ರಶ್ನೆಗಳು

ಅವತ್ತು ಇಡೀ ಕರ್ನಾಟಕಕ್ಕೆ ಸ್ವಾತಂತ್ರ್ಯ ಬಂತಾ? ನಮ್ಮ ಅಜ್ಜಿ ಕಲಬುರಗಿಯವರು, ‘ನಮಗೆ ಒಂದು ವರ್ಷ ತಡ’ ಅಂತಿದ್ರು.

ಅಜ್ಜಿ ಹೇಳಿದ್ದು ಸರಿ. ಆಗ ಕರ್ನಾಟಕ ಅನ್ನುವ ರಾಜ್ಯವೇ ಇರಲಿಲ್ಲ. ಕನ್ನಡ ಮಾತಾಡುವವರು ಹತ್ತಾರು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದರು. ಆಗಸ್ಟ್ 15 ಒಬ್ಬೊಬ್ಬರಿಗೆ ಒಂದೊಂದು ಥರ ಬಂತು.

ಧಾರವಾಡ, ಬೆಳಗಾವಿ, ವಿಜಯಪುರ ಮತ್ತು ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿದ್ದವು. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸಿನಲ್ಲಿ. ಕೊಡಗಿಗೆ ಪ್ರತ್ಯೇಕ ಚೀಫ್ ಕಮಿಷನರ್. ಇವೆಲ್ಲ ನೇರವಾಗಿ ಬ್ರಿಟಿಷರ ಕೈಯಲ್ಲಿದ್ದ ಜಾಗಗಳು, ಹಾಗಾಗಿ ಅಲ್ಲಿ ಅವತ್ತೇ ಸ್ವಾತಂತ್ರ್ಯ. ಸಂಡೂರು, ಸವಣೂರು, ಜಮಖಂಡಿ, ಮುಧೋಳದಂಥ ಸಣ್ಣ ಸಂಸ್ಥಾನಗಳದ್ದು ಬೇರೆ ದಾರಿ.

ಮೈಸೂರಿನದ್ದು ಇನ್ನೊಂದು ಕಥೆ. ಮಹಾರಾಜ ಜಯಚಾಮರಾಜ ಒಡೆಯರು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು. ಆದರೆ ಜನರ ಸರ್ಕಾರ ಬಂದಿರಲಿಲ್ಲ. ಬ್ರಿಟಿಷರು ಹೋದರು, ದಿವಾನರು ಉಳಿದರು. ಅದಕ್ಕೇ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಶುರುವಾಯಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಜೈಲು ತುಂಬಿತು. ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿದರು, ಕೆ.ಸಿ. ರೆಡ್ಡಿ ಮೊದಲ ಮುಖ್ಯಮಂತ್ರಿಯಾದರು.

ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ನಿಜಾಮನ ಕೈಕೆಳಗಿದ್ದವು. ಆತ ಯಾವ ದೇಶಕ್ಕೂ ಸೇರುವುದಿಲ್ಲ ಅಂತ ಕೂತ. ಆತನ ಪರ ನಿಂತ ಸಶಸ್ತ್ರ ಗುಂಪಾದ ರಜಾಕಾರರ ಹಾವಳಿ ಬೇರೆ. ಅಲ್ಲಿ ತ್ರಿವರ್ಣ ಧ್ವಜ ಹಾರಿಸುವುದು ಅಂದರೆ ಜೀವದ ಆಸೆ ಬಿಟ್ಟು ಮಾಡುವ ಕೆಲಸ. ಎಷ್ಟೋ ಜನ ಗಡಿ ದಾಟಿ ಮುಂಡರಗಿಯಂಥ ಕಡೆ ಶಿಬಿರ ಹೂಡಿ ಅಲ್ಲಿಂದ ಹೋರಾಡಿದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಹೊಕ್ಕಿತು, 17ರಂದು ನಿಜಾಮ ಶರಣಾದ. ಲೆಕ್ಕ ಹಾಕಿದರೆ 13 ತಿಂಗಳು ತಡ. ಆ ಭಾಗದಲ್ಲಿ ಇವತ್ತಿಗೂ ವರ್ಷಕ್ಕೆ ಎರಡು ಸಲ ಬಾವುಟ ಏರುವುದು ಇದೇ ಕಾರಣಕ್ಕೆ: ಆಗಸ್ಟ್ 15ಕ್ಕೊಮ್ಮೆ, ಸೆಪ್ಟೆಂಬರ್ 17ಕ್ಕೊಮ್ಮೆ.

ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26. ಅದಕ್ಕೇ ಈ ಎರಡು ದಿನ ಇಟ್ರಾ?

ಈ ಪ್ರಶ್ನೆ ಬೆಳಗಾವಿ ಕಡೆಯಿಂದ ಜಾಸ್ತಿ ಬರುತ್ತದೆ. ಕೇಳುವವರ ಅಭಿಮಾನ ಅರ್ಥವಾಗುತ್ತದೆ. ಆದರೆ ಉತ್ತರ, ಇಲ್ಲ.

ಕಿತ್ತೂರು ಬಿದ್ದ ಮೇಲೂ ಬ್ರಿಟಿಷರನ್ನು ನೆಮ್ಮದಿಯಾಗಿ ಕೂರಲು ಬಿಡದವನು ರಾಯಣ್ಣ. ಜನರನ್ನು ಕಟ್ಟಿಕೊಂಡು ಕಾಡಿನಲ್ಲಿದ್ದು ಕಚೇರಿ, ಖಜಾನೆಗಳ ಮೇಲೆ ದಾಳಿ ಮಾಡಿದ. ಯುದ್ಧದಲ್ಲಿ ಹಿಡಿಯಲಾಗದೆ ಮೋಸದಿಂದ ಹಿಡಿದರು. 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ಸಮಾಧಿ ಇರುವುದೂ ಅಲ್ಲೇ, ಪಕ್ಕದಲ್ಲಿ ಆಲದ ಮರ. ಮಕ್ಕಳಾಗಲಿ ಅಂತ ಆ ಮರಕ್ಕೆ ತೊಟ್ಟಿಲು ಕಟ್ಟಿ ಹರಕೆ ಹೊರುವವರಿದ್ದಾರೆ. ಹುಟ್ಟಿದ ದಿನವನ್ನು 1798ರ ಆಗಸ್ಟ್ 15 ಅಂತ ಆಚರಿಸುತ್ತಾ ಬಂದಿದ್ದಾರೆ.

ಎರಡೂ ರಾಷ್ಟ್ರೀಯ ದಿನಗಳನ್ನು ಆರಿಸಿದ ಕಾರಣಗಳನ್ನು ಮೇಲೆ ಹೇಳಿದ್ದೇನೆ. ಅವುಗಳಲ್ಲಿ ಕಿತ್ತೂರಿನ ಸುದ್ದಿಯೇ ಇಲ್ಲ. ಒಬ್ಬನೇ ಮನುಷ್ಯನ ಹುಟ್ಟು ಸಾವು ಎರಡೂ ಹೀಗೆ ಬಂದು ಕೂತಿರುವುದು ಯೋಗಾಯೋಗ. ಅದಿರಲಿ, ಸಂಗೊಳ್ಳಿಯಲ್ಲಿ ಆಗಸ್ಟ್ 15ಕ್ಕೆ ಡಬಲ್ ಹಬ್ಬ, ಅದನ್ನು ಯಾರು ಬೇಡ ಅಂತಾರೆ?

## ಜಗತ್ತಿನ ಪ್ರಶ್ನೆಗಳು

ಬೇರೆ ಯಾವ ದೇಶಗಳಿಗೆ ಅವತ್ತು ಸ್ವಾತಂತ್ರ್ಯ?

ಕೊರಿಯಾಕ್ಕೆ. ಜಪಾನ್ ಸೋತ ದಿನವೇ ಅವರಿಗೆ 35 ವರ್ಷದ ಜಪಾನಿ ಆಳ್ವಿಕೆಯಿಂದ ಬಿಡುಗಡೆ. ಉತ್ತರ, ದಕ್ಷಿಣ ಎರಡೂ ಕೊರಿಯಾಗಳು ಆಚರಿಸುವ ಹಬ್ಬ ಇದು. ಅಂದರೆ ನಮ್ಮದು ಮತ್ತು ಕೊರಿಯಾದ್ದು ಒಂದೇ ಬೇರಿನಿಂದ ಬಂದ ದಿನಗಳು. ದಕ್ಷಿಣ ಕೊರಿಯಾದ ಸರ್ಕಾರ ಸ್ಥಾಪನೆಯನ್ನೂ 1948ರ ಇದೇ ತಾರೀಕಿಗೆ ಇಟ್ಟುಕೊಂಡರು.

ಫ್ರೆಂಚರಿಂದ ಕಾಂಗೋ ಗಣರಾಜ್ಯಕ್ಕೆ, ಅಂದರೆ ಬ್ರಾಝಾವಿಲ್ ರಾಜಧಾನಿಯಾಗಿರುವ ಕಾಂಗೋಗೆ, 1960ರಲ್ಲಿ ಸ್ವಾತಂತ್ರ್ಯ. ಪುಟ್ಟ ಲಿಕ್ಟನ್‌ಸ್ಟೈನ್‌ಗೂ ಇದೇ ರಾಷ್ಟ್ರೀಯ ದಿನ. ಬಹರೇನ್ ಸ್ವತಂತ್ರವಾದದ್ದು 1971ರ ಆಗಸ್ಟ್ 15ರಂದು, ಆದರೆ ರಾಷ್ಟ್ರೀಯ ದಿನ ಆಚರಿಸುವುದು ಡಿಸೆಂಬರ್ 16ರಂದು. ಅಲ್ಲಿರುವ ಕನ್ನಡಿಗರು ಆಗಸ್ಟಿನಲ್ಲಿ ಭಾರತದ್ದನ್ನು, ಡಿಸೆಂಬರಿನಲ್ಲಿ ಬಹರೇನಿನದ್ದನ್ನು ಆಚರಿಸುತ್ತಾರೆ.

ಅವತ್ತು ಗಾಂಧೀಜಿ ಎಲ್ಲಿದ್ರು? ಫೋಟೋಗಳಲ್ಲಿ ಕಾಣೋದೇ ಇಲ್ಲ.

ಕಲ್ಕತ್ತಾದ ಬೆಲಿಯಾಘಾಟದಲ್ಲಿ, ಹೈದರಿ ಮಂಜಿಲ್ ಅನ್ನುವ ಹಳೇ ಮನೆಯಲ್ಲಿ. ಹಿಂದೂ ಮುಸ್ಲಿಂ ಗಲಭೆ ನಿಲ್ಲಿಸಲು ಅಲ್ಲಿ ಕೂತಿದ್ದರು. ಅವತ್ತು ಉಪವಾಸ ಮಾಡಿದರು, ನೂಲು ತೆಗೆದರು, ಪ್ರಾರ್ಥನೆ ಮಾಡಿದರು. ಅವರ ಪಾಲಿಗೆ ಆಗಸ್ಟ್ 15 ಮೊದಲೇ ದುಃಖದ ದಿನವಾಗಿತ್ತು. 25 ವರ್ಷ ಜೊತೆಗಿದ್ದ ಕಾರ್ಯದರ್ಶಿ ಮಹಾದೇವ ದೇಸಾಯಿ 1942ರ ಆಗಸ್ಟ್ 15ರಂದು ಪುಣೆಯ ಆಗಾ ಖಾನ್ ಅರಮನೆಯ ಸೆರೆಯಲ್ಲಿ, ಗಾಂಧೀಜಿಯ ಕಣ್ಣೆದುರೇ ತೀರಿಕೊಂಡಿದ್ದರು. ಆಗ ಅವರಿಗೆ 50 ವರ್ಷ.

ಆಗಸ್ಟ್ 15ರಂದು ಕೆಟ್ಟ ಘಟನೆ ಯಾವುದೂ ಆಗಿಲ್ವಾ?

ಆಗಿವೆ. 1950ರಲ್ಲಿ ದೇಶ ಸ್ವಾತಂತ್ರ್ಯಕ್ಕೆ ಮೂರು ವರ್ಷ ತುಂಬಿದ ಹಬ್ಬ ಮುಗಿಸಿ ಕೂತ ಸಂಜೆ, ಏಳೂವರೆ ದಾಟಿದ ಮೇಲೆ, ಅಸ್ಸಾಂ ಮತ್ತು ಟಿಬೆಟ್ ಗಡಿಯಲ್ಲಿ ಭೂಮಿ ನಡುಗಿತು. ತೀವ್ರತೆ 8.6. ನೆಲದ ಮೇಲೆ ಅಳೆದ ಅತಿ ದೊಡ್ಡ ಭೂಕಂಪಗಳಲ್ಲಿ ಇದೂ ಒಂದು. ಗುಡ್ಡಗಳು ಕುಸಿದು ಸುಬನ್ಸಿರಿ ನದಿಗೆ ಅಡ್ಡ ಬಿದ್ದವು. ಕೆಲವು ದಿನ ನೀರು ಹಾಗೇ ನಿಂತು, ಆಮೇಲೆ ಒಡೆದು ಕೆಳಗಿನ ಊರುಗಳಿಗೆ ನುಗ್ಗಿತು. ಬ್ರಹ್ಮಪುತ್ರದ ತಳದಲ್ಲಿ ಹೂಳು ತುಂಬಿ ನದಿಪಾತ್ರವೇ ಮೇಲೇರಿತು. ದಕ್ಷಿಣದಲ್ಲಿರುವ ನಾವು ಇದನ್ನು ಪೂರ್ತಿ ಮರೆತಿದ್ದೇವೆ.

1975ರಲ್ಲಿ ಬೆಳಗಿನ ಜಾವ ಢಾಕಾದ ಧಾನ್‌ಮೊಂಡಿಯ ಮನೆಯಲ್ಲಿ ಬಾಂಗ್ಲಾದೇಶದ ಅಧ್ಯಕ್ಷ ಮುಜಿಬುರ್ ರಹಮಾನ್ ಮತ್ತು ಕುಟುಂಬದವರನ್ನು ಸೇನೆಯವರೇ ಕೊಂದರು. ವಿದೇಶದಲ್ಲಿದ್ದ ಇಬ್ಬರು ಹೆಣ್ಣುಮಕ್ಕಳು, ಹಸೀನಾ ಮತ್ತು ರೆಹಾನಾ, ಬದುಕಿಕೊಂಡರು. ಅದೇ ದಿನ ನಮ್ಮ ರಾಮನಗರದ ಬಂಡೆಗಳಲ್ಲಿ ಚಿತ್ರೀಕರಣವಾಗಿದ್ದ ‘ಶೋಲೆ’ ಮುಂಬೈನಲ್ಲಿ ತೆರೆಕಂಡಿತು. ತಾರೀಕು ಅನ್ನೋದು ಹೀಗೆ, ಅದಕ್ಕೆ ಸೂತಕವೂ ಇಲ್ಲ, ಸಂಭ್ರಮವೂ ಇಲ್ಲ.

## ಹುಟ್ಟುಹಬ್ಬಗಳು

ಅವತ್ತು ಹುಟ್ಟಿದ ದೊಡ್ಡವರು ಯಾರ‍್ಯಾರು?

ಮೊದಲು ಶ್ರೀ ಅರವಿಂದರು, 1872, ಕಲ್ಕತ್ತಾ. ದೇಶ ಸ್ವತಂತ್ರವಾದ ದಿನ ಅವರಿಗೆ ಸರಿಯಾಗಿ 75 ತುಂಬಿತು. ಪುದುಚೇರಿಯಲ್ಲಿದ್ದ ಅವರಿಂದ ತಿರುಚಿನಾಪಳ್ಳಿ ಆಕಾಶವಾಣಿಯವರು ಒಂದು ಸಂದೇಶ ಬರೆಸಿಕೊಂಡು ಪ್ರಸಾರ ಮಾಡಿದರು. ಇದು ಕಾಕತಾಳೀಯವಲ್ಲ, ತನ್ನ ಕೆಲಸಕ್ಕೆ ದೈವದ ಒಪ್ಪಿಗೆ ಅನ್ನುವ ಅರ್ಥದಲ್ಲಿ ಅವರು ಹೇಳಿದ್ದಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮೌಂಟ್‌ಬ್ಯಾಟನ್ ತಲೆಯಲ್ಲಿ ಅರವಿಂದರು ಇರಲಿಲ್ಲ ಅನ್ನುವುದಂತೂ ಖಂಡಿತ.

ನೆಪೋಲಿಯನ್ ಹುಟ್ಟಿದ್ದು 1769ರಲ್ಲಿ, ಕಾರ್ಸಿಕಾ ದ್ವೀಪದಲ್ಲಿ. ಆ ದ್ವೀಪ ಫ್ರಾನ್ಸಿನ ಕೈಗೆ ಬಂದು ಆಗಿನ್ನೂ ಒಂದೇ ವರ್ಷ. ಸ್ವಲ್ಪ ಮೊದಲು ಹುಟ್ಟಿದ್ದರೆ ಫ್ರೆಂಚನೇ ಆಗುತ್ತಿರಲಿಲ್ಲ. ಚಕ್ರವರ್ತಿಯಾದ ಮೇಲೆ ಆತ ತನ್ನ ಹುಟ್ಟುಹಬ್ಬವನ್ನೇ ದೇಶದ ಹಬ್ಬ ಮಾಡಿದ. ಇವತ್ತಿಗೂ ಫ್ರಾನ್ಸಿನಲ್ಲಿ ಆಗಸ್ಟ್ 15 ರಜೆ. ಆದರೆ ಆ ರಜೆ ಆತನಿಗಲ್ಲ, ಕ್ರೈಸ್ತರ ಮಾತೆ ಮರಿಯಮ್ಮನ ಸ್ವರ್ಗಾರೋಹಣದ ಹಬ್ಬಕ್ಕೆ. ನಮಗೂ ಆತನಿಗೂ ಒಂದು ನಂಟಿದೆ. 1799ರ ಆರಂಭದಲ್ಲಿ ಈಜಿಪ್ಟಿನಿಂದ ಶ್ರೀರಂಗಪಟ್ಟಣದ ಟಿಪ್ಪುವಿಗೆ ಆತ ಒಂದು ಪತ್ರ ಬರೆದಿದ್ದ. ಅದು ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಆ ಮೇ 4ಕ್ಕೆ ಟಿಪ್ಪು ತೀರಿಹೋದ.

ಸಿನಿಮಾದವರ ಪಟ್ಟಿ ಉದ್ದ. ‘ಬಂಧನ’ದ ನಂದಿನಿಯಾಗಿ ನಮಗೆಲ್ಲ ಗೊತ್ತಿರುವ ಸುಹಾಸಿನಿ (1961), ರಾಘವೇಂದ್ರ ರಾಜ್‌ಕುಮಾರ್ (1965), ಮಧುಗಿರಿ ಮೂಲದ ಅರ್ಜುನ್ ಸರ್ಜಾ. ಹಿಂದಿಯ ರಾಖಿ ಹುಟ್ಟಿದ್ದು ಬೇರೆ ಯಾವತ್ತೂ ಅಲ್ಲ, 1947ರ ಆಗಸ್ಟ್ 15ರಂದೇ.

ಒಂದೇ ದಿನ ಇಷ್ಟೊಂದು ದೊಡ್ಡವರು ಹುಟ್ಟಿದ್ದಾರೆ ಅಂದ್ರೆ ಆ ದಿನಕ್ಕೇ ಏನೋ ಶಕ್ತಿ ಇದೆ ಅಲ್ವಾ?

ಯಾವ ದಿನ ತೆಗೆದುಕೊಂಡರೂ ಇಷ್ಟೇ ಉದ್ದದ ಪಟ್ಟಿ ಸಿಗುತ್ತದೆ. ಭೂಮಿಯ ಮೇಲೆ 800 ಕೋಟಿ ಜನ ಇದ್ದಾರೆ. 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 2.2 ಕೋಟಿ ಹುಟ್ಟುಹಬ್ಬ. ಅಷ್ಟರಲ್ಲಿ ಹತ್ತಿಪ್ಪತ್ತು ಜನ ಹೆಸರು ಮಾಡಿರುವುದರಲ್ಲಿ ಆಶ್ಚರ್ಯ ಏನಿದೆ?

ಇನ್ನೂ ಮಜಾ ಬೇಕಿದ್ದರೆ ಒಂದು ಶಾಲೆಯ ಕ್ಲಾಸಿಗೆ ಹೋಗಿ. ಬರೀ 23 ಮಕ್ಕಳಿದ್ದರೂ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಇರುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. 60 ಮಕ್ಕಳಿದ್ದರೆ ಶೇ 99 ದಾಟುತ್ತದೆ. ಯಾಕೆ ಅಂದರೆ ಇಲ್ಲಿ ಎಣಿಸಬೇಕಾದದ್ದು ಮಕ್ಕಳನ್ನಲ್ಲ, ಜೋಡಿಗಳನ್ನು. 23 ಮಕ್ಕಳಲ್ಲಿ 253 ಜೋಡಿ ಆಗುತ್ತವೆ. ಆದರೆ ‘ಆಗಸ್ಟ್ 15ರಂದೇ ಹುಟ್ಟಿದವರು ಯಾರಾದರೂ ಇದ್ದೀರಾ?’ ಅಂತ ಕೇಳಿದರೆ ಲೆಕ್ಕ ಬದಲಾಗುತ್ತದೆ. ಆ 60 ಮಕ್ಕಳ ಕ್ಲಾಸಿನಲ್ಲಿ ಒಂದಾದರೂ ಕೈ ಮೇಲೇಳುವ ಸಾಧ್ಯತೆ ಶೇ 15 ಅಷ್ಟೇ.

ನಮ್ಮ ಮನೆಯಲ್ಲಿ ಅಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರದ್ದೂ ಜೂನ್ 1. ಇದ್ಯಾವ ಯೋಗಾಯೋಗ?

ಇದು ಹೆಡ್‌ಮಾಸ್ತರ ಕೃಪೆ. ಹಿಂದೆ ಮಗು ಹುಟ್ಟಿದ ದಿನವನ್ನು ಯಾರೂ ಬರೆದಿಡುತ್ತಿರಲಿಲ್ಲ. ‘ಗೌರಿ ಹಬ್ಬ ಆಗಿ ಎಂಟು ದಿನಕ್ಕೆ’, ‘ಆ ದೊಡ್ಡ ಮಳೆ ಬಂದ ವರ್ಷ’ ಅಂತ ನೆನಪು. ಶಾಲೆ ಶುರುವಾಗುವುದು ಜೂನ್‌ನಲ್ಲಿ. ಹುಡುಗನ ವಯಸ್ಸು ಸೇರಿಸಿಕೊಳ್ಳುವಷ್ಟು ಆಗಿರಬೇಕು. ಮಾಸ್ತರು ಒಂದು ಇಸವಿ ಅಂದಾಜು ಮಾಡಿ, ಮುಂದೆ 1-6 ಅಂತ ಬರೆದು ಕೈ ತೊಳೆದುಕೊಂಡರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಸರ್ವಿಸ್ ಪುಸ್ತಕ, ಆಧಾರ್ ಎಲ್ಲವೂ ಅದನ್ನೇ ಹಿಡಿದುಕೊಂಡು ಬಂದವು. ಹಾಗಾಗಿ ಹಳೇ ತಲೆಮಾರಿನ ಯಾರದ್ದಾದರೂ ‘ಜನ್ಮದಿನ’ ಜೂನ್ 1 ಅಂತ ಕಂಡರೆ ಒಂದು ಕ್ಷಣ ತಡೆದು ಯೋಚಿಸಿ.

## ಇನ್ನೂ ಕೆದಕುವವರಿಗೆ

ಇಸ್ರೋ, ಪಿನ್‌ಕೋಡ್, ಇಂಟರ್‌ನೆಟ್ ಎಲ್ಲಾ ಆಗಸ್ಟ್ 15ಕ್ಕೇ ಶುರುವಾಯ್ತಂತೆ. ಇದೂ ಕಾಕತಾಳೀಯನಾ?

ಇವು ಬೇಕಂತ ಮಾಡಿದವು. ಸರ್ಕಾರಕ್ಕೆ ಏನಾದರೂ ಉದ್ಘಾಟನೆ ಮಾಡಬೇಕಿದ್ದರೆ ಇದಕ್ಕಿಂತ ಒಳ್ಳೆ ದಿನ ಬೇರೆ ಯಾವುದು? ಇಸ್ರೋ 1969ರಲ್ಲಿ, ಪಿನ್‌ಕೋಡ್ 1972ರಲ್ಲಿ. ಸಾರ್ವಜನಿಕರಿಗೆ ಇಂಟರ್‌ನೆಟ್ ಬಂದದ್ದು 1995ರಲ್ಲಿ, ವಿಎಸ್‌ಎನ್‌ಎಲ್ ಮೂಲಕ. ಚಂದ್ರಯಾನವನ್ನು ವಾಜಪೇಯಿ 2003ರಲ್ಲಿ, ಮಂಗಳಯಾನವನ್ನು ಮನಮೋಹನ್ ಸಿಂಗ್ 2012ರಲ್ಲಿ ಘೋಷಿಸಿದ್ದು ಇದೇ ದಿನದ ಕೆಂಪುಕೋಟೆ ಭಾಷಣದಲ್ಲಿ.

ಪಿನ್‌ಕೋಡ್ ಬಗ್ಗೆ ಒಂದು ಮಾತು. ಒಂದೇ ಹೆಸರಿನ ಊರುಗಳು, ಹತ್ತಾರು ಲಿಪಿಗಳು, ಓದಲಾಗದ ಕೈಬರಹ ಇವೆಲ್ಲದರಿಂದ ಅಂಚೆಯವರು ಸೋತಿದ್ದರು. ಅದಕ್ಕೆ ಕೇಂದ್ರ ಸರ್ಕಾರದ ಅಧಿಕಾರಿ, ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ಆರು ಅಂಕಿಯ ಈ ವ್ಯವಸ್ಥೆ ರೂಪಿಸಿದರು. ನಿಮ್ಮ ವಿಳಾಸ ನೋಡಿ, ಕರ್ನಾಟಕದ್ದಾದರೆ ಮೊದಲ ಎರಡು ಅಂಕಿ 56ರಿಂದ 59ರ ಒಳಗೇ ಇರುತ್ತವೆ. ಬೆಂಗಳೂರಿನ ಜಿಪಿಒ 560001. ಹುಬ್ಬಳ್ಳಿ 58, ಬೆಳಗಾವಿ 59.

ಹುಟ್ಟುಹಬ್ಬವನ್ನ ತಿಥಿ ನೋಡಿ ಮಾಡ್ತೀವಿ. ತಾರೀಕು, ತಿಥಿ ಎರಡೂ ಒಂದೇ ದಿನ ಯಾವಾಗ ಬರುತ್ತೆ?

ಸುಮಾರು 19 ವರ್ಷಕ್ಕೊಮ್ಮೆ. 19 ಸೌರ ವರ್ಷ ಮತ್ತು 235 ಚಾಂದ್ರಮಾನ ತಿಂಗಳು ಹೆಚ್ಚುಕಡಿಮೆ ಸಮ, ವ್ಯತ್ಯಾಸ ಎರಡು ಗಂಟೆ ಅಷ್ಟೇ. 1947ಕ್ಕೆ 19ರಂತೆ ಕೂಡುತ್ತಾ ಹೋಗಿ: 1966, 1985, 2004, 2023. ಈ ಎಲ್ಲಾ ವರ್ಷಗಳಲ್ಲೂ ಅಧಿಕ ಶ್ರಾವಣವೇ ಬಂದಿತ್ತು. 2023ರ ಆಗಸ್ಟ್ 15ರ ಪಂಚಾಂಗ ತೆಗೆದು ನೋಡಿ. ಅಧಿಕ ಶ್ರಾವಣ ಬಹುಳ ಚತುರ್ದಶಿ, 1947ರದ್ದೇ ತಿಥಿ. ತಿಥಿಗಳ ಉದ್ದ ಹೆಚ್ಚುಕಮ್ಮಿ ಆಗುವುದರಿಂದ ಕೆಲವು ಸಲ ಒಂದು ದಿನ ಆಚೀಚೆ ಆಗುತ್ತದೆ. ನಿಮಗೆ 19, 38, 57 ತುಂಬುವ ವರ್ಷ ಪಂಚಾಂಗ ನೋಡಿ, ಒಂದೇ ಖರ್ಚಿನಲ್ಲಿ ಎರಡೂ ಮುಗಿಯಬಹುದು.

ಜಪಾನ್ ಸೋತದ್ದು ಕೆಲವು ಕಡೆ ಆಗಸ್ಟ್ 14, ಕೆಲವು ಕಡೆ 15, ಇನ್ನು ಕೆಲವು ಕಡೆ ಸೆಪ್ಟೆಂಬರ್ 2 ಅಂತಿದೆ. ಯಾವುದು ಸರಿ?

ಮೂರೂ ಸರಿ. ಚಕ್ರವರ್ತಿ ಹಿರೋಹಿತೋ ಅವರ ಧ್ವನಿಮುದ್ರಿಕೆ ಜಪಾನ್ ರೇಡಿಯೋದಲ್ಲಿ ಬಂದದ್ದು 15ರ ಮಧ್ಯಾಹ್ನ 12ಕ್ಕೆ. ಜನ ತಮ್ಮ ಚಕ್ರವರ್ತಿಯ ದನಿ ಕೇಳಿದ್ದು ಅದೇ ಮೊದಲು. ಆಗ ಅಮೆರಿಕದಲ್ಲಿ ಇನ್ನೂ 14ರ ರಾತ್ರಿ. ಕಾಗದಕ್ಕೆ ಸಹಿ ಬಿದ್ದದ್ದು ಸೆಪ್ಟೆಂಬರ್ 2ರಂದು, ಟೋಕಿಯೋ ಕೊಲ್ಲಿಯಲ್ಲಿ ನಿಂತಿದ್ದ ಮಿಸೌರಿ ಹಡಗಿನ ಮೇಲೆ.

ತುಂಬಾ ಹಳೆಯ ತಾರೀಕುಗಳಲ್ಲಿ ಇನ್ನೊಂದು ತೊಡಕಿದೆ. ಇಂಗ್ಲೆಂಡ್ 1752ರಲ್ಲಿ ಕ್ಯಾಲೆಂಡರ್ ಬದಲಿಸಿ 11 ದಿನ ಹಾರಿಸಿತು. ಅದಕ್ಕೇ ನ್ಯೂಟನ್ ಹುಟ್ಟಿದ್ದು ಒಂದು ಕಡೆ 1642ರ ಡಿಸೆಂಬರ್ 25, ಇನ್ನೊಂದು ಕಡೆ 1643ರ ಜನವರಿ 4 (ನ್ಯೂಟನ್ ಹುಟ್ಟಿದ ಕಾಲಕ್ಕೆ ಎರಡು ಕ್ಯಾಲೆಂಡರ್‌ಗಳ ವ್ಯತ್ಯಾಸ ಹತ್ತೇ ದಿನ ಇತ್ತು).

ಶಾಲೆಯ ಬೋರ್ಡಿನಲ್ಲಿ ‘ಈ ದಿನದ ವಿಶೇಷ’ ಬರೀಬೇಕು. ಯಾವುದು ಹಾಕಲಿ, ಯಾವುದು ಬಿಡಲಿ?

ಇಪ್ಪತ್ತು ಸಾಲು ಬರೆಯಬೇಡಿ, ಮಕ್ಕಳು ಒಂದನ್ನೂ ಓದುವುದಿಲ್ಲ. ಸಿನಿಮಾ ನಟರ ಹುಟ್ಟುಹಬ್ಬ ಬಿಡಿ, ಅದು ಅವರಿಗೆ ಹೇಗೂ ಗೊತ್ತಿರುತ್ತದೆ. ನಾಲ್ಕೇ ಸಾಲು ಸಾಕು: 1945 ಜಪಾನ್, 1947 ಭಾರತ, ನಿಮ್ಮ ಜಿಲ್ಲೆಯದ್ದು ಒಂದು, ಮಕ್ಕಳು ದಿನಾ ಬಳಸುವಂಥದ್ದು ಒಂದು. ಪಿನ್‌ಕೋಡ್ ಹಾಕಿದರೆ ಪಕ್ಕದಲ್ಲಿ ಶಾಲೆಯದ್ದೇ ಪಿನ್‌ಕೋಡ್ ಬರೆದು, ಆ ಆರು ಅಂಕಿಗಳಲ್ಲಿ ಯಾವುದು ಏನು ಹೇಳುತ್ತದೆ ಅಂತ ಊರಿನ ಪೋಸ್ಟ್‌ಮ್ಯಾನ್ ಹತ್ತಿರ ಕೇಳಿಕೊಂಡು ಬರಲು ಕಳಿಸಿ. ಬೀದರ್ ಕಲಬುರಗಿ ಕಡೆಯ ಶಾಲೆಯಾದರೆ ಬೋರ್ಡಿನ ಒಂದು ಮೂಲೆ ಖಾಲಿ ಬಿಡಿ. ಸೆಪ್ಟೆಂಬರ್ 17ಕ್ಕೆ ಬೇಕಾಗುತ್ತದೆ.